ಘಟ್ಟದ ದಾರಿಗೆ ಹೊರಡುವ ಮೊದಲು: ಕಾಲುದಾರಿಯ ಸ್ಥಿತಿ ತಿಳಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಸೀಮೆಯ ಕಾಡುದಾರಿಗಳಿಗೂ ಕಾರವಾರದಿಂದ ಹೊನ್ನಾವರದವರೆಗಿನ ಕಡಲಂಚಿಗೂ ಚಾರಣಕ್ಕೆ ಬರುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಅಪರೂಪಕ್ಕೆ ಕುದುರೆ ಸಮೇತ ಬರುವವರ ಪ್ರಶ್ನೆಗಳೂ ಇವೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ಮೊದಲನೆಯದನ್ನೂ ಹಳ್ಳ ದಾಟುವ ಪ್ರಶ್ನೆಯನ್ನೂ ಓದಿಯೇ ಹೊರಡಿ.

ಊರಿನವರಿಗೆ ಫೋನ್ ಮಾಡಿ "ದಾರಿ ಹೇಗಿದೆ?" ಎಂದು ಕೇಳಿದರೆ ಸಾಲದೇ?

ಸಾಲದು. "ಚೊಲೋ ಇದ್ದು, ಬನ್ನಿ" ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ದಿನಾ ಹವಾಯಿ ಚಪ್ಪಲಿಯಲ್ಲಿ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗಿ ಬರುವವರಿಗೆ ಆ ದಾರಿ ನಿಜಕ್ಕೂ ಚೊಲೋ ಇರುತ್ತದೆ. ನಿಮಗೆ ಬೇಕಾದದ್ದು ಅವರ ಅಭಿಪ್ರಾಯವಲ್ಲ, ಅವರು ಕಣ್ಣಾರೆ ಕಂಡದ್ದು. ಹಾಗಾಗಿ ಹೀಗೆ ಕೇಳಿ: "ಅಣ್ಣಾ, ಆ ಹಳ್ಳವನ್ನು ಕಡೆಗೆ ಯಾರು ದಾಟಿದ್ರು? ನಿನ್ನೆಯೋ ಮೊನ್ನೆಯೋ? ಬೆಳಿಗ್ಗೆಯೋ ಸಂಜೆಯೋ? ನೀರು ಎಲ್ಲೀವರೆಗೆ ಇತ್ತು?" ಹರಡು, ಮೊಣಕಾಲು, ತೊಡೆ, ಸೊಂಟ ಎಂದು ಮೈ ಅಳತೆಯಲ್ಲೇ ಉತ್ತರ ಬರುತ್ತದೆ, ಅದು ಅಡಿ ಲೆಕ್ಕಕ್ಕಿಂತ ನಂಬಿಕಸ್ತ. ಆಮೇಲೆ ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ಜಾಗದಲ್ಲಿದೆಯೋ ತೇಲಿಹೋಗಿದೆಯೋ, ದಾರಿಗೆ ಅಡ್ಡ ಮರ ಬಿದ್ದಿದೆಯೋ, ನಿನ್ನೆ ರಾತ್ರಿ ಎಷ್ಟು ಹೊತ್ತು ಮಳೆ ಹೊಡೆಯಿತು ಎಂದು ಕೇಳಿ.

ದಾರಿಯ ಸುದ್ದಿಗೆ ವಯಸ್ಸಿದೆ. ಆರಿದ್ರಾದಿಂದ ಆಶ್ಲೇಷಾ ಮಳೆಯವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ನಿನ್ನೆ ಸಂಜೆಯ ಸುದ್ದಿಯೇ ಇವತ್ತು ಮಧ್ಯಾಹ್ನಕ್ಕೆ ಹಳತು. ಅಕ್ಟೋಬರ್, ನವೆಂಬರ್‌ನಲ್ಲಿ ಒಂದು ವಾರದ ಸುದ್ದಿ ನಡೆಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದು ತಿಂಗಳ ಹಿಂದಿನದೂ ಬಹುತೇಕ ಸರಿಯಾಗಿಯೇ ಇರುತ್ತದೆ. ಆದರೆ ಇಲಾಖೆಯ ಅನುಮತಿ ಮಾತ್ರ ಯಾವ ತಿಂಗಳಲ್ಲೂ ಒಂದೇ ದಿನದಲ್ಲಿ ಬದಲಾಗಬಹುದು.

ಯಾರನ್ನು ಕೇಳಬೇಕು?

ಒಬ್ಬರನ್ನೇ ಕೇಳಬೇಡಿ. ಒಬ್ಬೊಬ್ಬರು ದಾರಿಯ ಒಂದೊಂದು ತುಂಡನ್ನು ಬಲ್ಲರು.

ಕಾಡಿನೊಳಗಿನ ಸ್ಥಿತಿ ಗೊತ್ತಿರುವುದು ಆ ಗಸ್ತಿನ ಅರಣ್ಯ ಪಾಲಕರಿಗೆ, ಅಂದರೆ ಜನ ಇನ್ನೂ ಗಾರ್ಡ್ ಎಂದೇ ಕರೆಯುವವರಿಗೆ. ಅವರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಅವರ ಮೇಲೆ ವಲಯ ಅರಣ್ಯಾಧಿಕಾರಿ ಇರುತ್ತಾರೆ. ಅರಣ್ಯ ಇಲಾಖೆಯ ಕೆನರಾ ವೃತ್ತದಲ್ಲಿ ಕಾರವಾರ, ಶಿರಸಿ, ಯಲ್ಲಾಪುರ, ಹೊನ್ನಾವರ, ಹಳಿಯಾಳ ವಿಭಾಗಗಳಿವೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಡಳಿತ ದಾಂಡೇಲಿಯಲ್ಲಿ, ಬೇರೆಯಾಗಿಯೇ ಇದೆ. ನಿಮ್ಮ ದಾರಿ ಯಾವ ವಿಭಾಗದ ಯಾವ ವಲಯಕ್ಕೆ ಸೇರುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಒಂದೇ ದಾರಿ ಎರಡು ವಲಯ ಹಾದುಹೋಗುವುದು ಇಲ್ಲಿ ಮಾಮೂಲು. ಹೆಸರಾದ ಜಲಪಾತ, ವೀಕ್ಷಣಾ ತಾಣಗಳ ಹಲವು ಕಡೆ ಗೇಟು ನೋಡಿಕೊಳ್ಳುವವರು ಗ್ರಾಮ ಅರಣ್ಯ ಸಮಿತಿಯವರು. ಮೆಟ್ಟಿಲು ಜಾರುತ್ತದೆಯೋ, ಕಟಕಟೆ ಮುರಿದಿದೆಯೋ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಡಾಂಬರು ರಸ್ತೆಯಿಂದ ದಾರಿಯ ಬುಡದವರೆಗಿನ ಸುದ್ದಿಗೆ, ರಾತ್ರಿ ಊರಿನಲ್ಲೇ ತಂಗಿ ಬೆಳಿಗ್ಗೆ ಮರಳುವ ವಸ್ತಿ ಬಸ್ಸಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಶಿರಸಿ, ಕುಮಟಾ, ಯಲ್ಲಾಪುರದ ಬಸ್ ನಿಲ್ದಾಣದ ವಿಚಾರಣೆಗೆ ಫೋನ್ ಮಾಡಿ "ಆ ಊರಿನ ವಸ್ತಿ ಬಸ್ಸು ಇವತ್ತು ಬೆಳಿಗ್ಗೆ ವಾಪಸು ಬಂತಾ?" ಎಂದು ಕೇಳಿ. ಬಂದಿದ್ದರೆ ರಸ್ತೆಯಿದೆ, ಸೇತುವೆಯಿದೆ, ರಾತ್ರಿ ಧರೆ ಕುಸಿದಿಲ್ಲ. ಬಂದಿಲ್ಲವೆಂದರೆ ಕಾರಣ ಕೇಳಿಕೊಳ್ಳಿ. ಬೆಳಿಗ್ಗೆ ಹಾಲಿನ ಗಾಡಿ ಓಡಿಸುವವರು, ಅಂಚೆಯವರು, ಹೆಸ್ಕಾಂ ಲೈನ್‌ಮನ್ ಕೂಡ ಇಂಥದ್ದೇ ಸಾಕ್ಷಿಗಳು. ಅದರಲ್ಲೂ ಲೈನ್‌ಮನ್, ಎಲ್ಲಿ ಮರ ಬಿದ್ದು ತಂತಿ ಕಡಿದಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ತಿಳಿದಿರುತ್ತಾರೆ. ಮಳೆಯ ಬೆಳಿಗ್ಗೆ ಅವರಿಗೆ ಉಸಿರಾಡಲೂ ಹೊತ್ತಿರುವುದಿಲ್ಲ, ಒಂದೇ ಪ್ರಶ್ನೆ ಕೇಳಿ ಫೋನ್ ಇಡಿ.

ಅನುಮತಿ ಎಲ್ಲೆಲ್ಲಿ ಬೇಕು?

ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೇಕೇ ಬೇಕು. ಅಣಶಿ ರಾಷ್ಟ್ರೀಯ ಉದ್ಯಾನ, ದಾಂಡೇಲಿ ಅಭಯಾರಣ್ಯ ಎರಡೂ ಇದರೊಳಗೇ ಬರುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ಕಲಂ ಹೊರಗಿನವರ ಪ್ರವೇಶವನ್ನು ನಿರ್ಬಂಧಿಸುತ್ತದೆ, 28ನೇ ಕಲಂನಡಿ ಪರವಾನಗಿ ಕೊಡುತ್ತಾರೆ. ಊರಿನವರ ಜೊತೆಗೆ ಹೋದರೆ ನಡೆಯುತ್ತದೆ ಎಂಬುದು ತಪ್ಪು. ಅಲ್ಲಿ ವಾಸಿಸುವ ಹಕ್ಕು ಅವರದು, ಅದು ಅತಿಥಿಗೆ ವರ್ಗವಾಗುವುದಿಲ್ಲ. ಸಿಕ್ಕಿಬಿದ್ದಾಗ ತೊಂದರೆಯಾಗುವುದೂ ಅವರಿಗೇ ಹೆಚ್ಚು.

ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು, ಬೇಡ್ತಿ ಸಂರಕ್ಷಣಾ ಮೀಸಲು, ಶಾಲ್ಮಲಾ ನದಿದಂಡೆಯ ಮೀಸಲು ಪ್ರದೇಶಗಳಲ್ಲೂ ಕಾಯ್ದಿಟ್ಟ ಅರಣ್ಯದಲ್ಲೂ ರೂಢಿಯ ಕಾಲುದಾರಿ ಬಿಟ್ಟು ಒಳಹೊಕ್ಕುವ ಮೊದಲು ವಲಯ ಕಚೇರಿಗೆ ಕೇಳಿ. ಇಲಾಖೆ ಅಧಿಕೃತವಾಗಿ ತೆರೆದಿರುವ ಚಾರಣಪಥಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಟಿಕೆಟ್ ಸಿಗುತ್ತದೆ. ಆ ಪಟ್ಟಿ ಬೆಳೆಯುತ್ತ, ಬದಲಾಗುತ್ತ ಇರುವುದರಿಂದ ಹೊರಡುವ ವಾರವೇ ನೋಡಿ. ಫೆಬ್ರವರಿಯಿಂದ ಮೇವರೆಗೆ ಕಾಡಿನ ಬೆಂಕಿಯ ಭಯಕ್ಕೂ, ಜೂನ್ ನಂತರ ಮಳೆಯ ಕಾರಣಕ್ಕೂ ದಾರಿ ಮುಚ್ಚುತ್ತಾರೆ. ಜಲಪಾತ, ಕಡಲತೀರಗಳಿಗೆ ಜಿಲ್ಲಾಡಳಿತ ಹೊರಡಿಸುವ ನಿಷೇಧದ ಆದೇಶ ಬೇರೆ. ಇಲಾಖೆ ಬಿಟ್ಟರೂ ಈ ಆದೇಶ ಇದ್ದರೆ ಹೋಗುವಂತಿಲ್ಲ.

ಇನ್ನೊಂದು ಅನುಮತಿ ಕಾಗದದಲ್ಲಿ ಇರುವುದಿಲ್ಲ. ಇಲ್ಲಿನ ಎಷ್ಟೋ ದಾರಿಗಳು ಅಡಿಕೆ ತೋಟದ ಅಂಚಿನಲ್ಲಿ, ಸೊಪ್ಪಿನ ಬೆಟ್ಟದ ನಡುವೆ, ಯಾರದೋ ಅಂಗಳದ ಬದಿಯಲ್ಲೇ ಹೋಗುತ್ತವೆ. ಕೇಳಿ ದಾಟಿ. ಉಣಗೋಲಿನ (ಬೇಲಿ ಬಾಗಿಲಿನ) ಗಳ ಸರಿಸಿ ದಾಟಿದರೆ ಮತ್ತೆ ಸಿಕ್ಕಿಸಿ ಹೋಗಿ, ಇಲ್ಲದಿದ್ದರೆ ಸಂಜೆಗೆ ದನ ತೋಟದೊಳಗಿರುತ್ತದೆ. ಹೀಗೆ ತೆರೆದಿಟ್ಟು ಹೋದವರ ದೆಸೆಯಿಂದ ಮುಚ್ಚಿಹೋದ ದಾರಿಗಳಿವೆ.

ಮಳೆಯ ಅಂಕಿ ನೋಡಿ ಏನು ತಿಳಿಯಬಹುದು?

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 204.4ರವರೆಗೆ ಅತಿ ಭಾರೀ, ಅದನ್ನು ಮೀರಿದರೆ ಅತ್ಯಂತ ಭಾರೀ. ದಿನದ ಲೆಕ್ಕ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಆದ್ದರಿಂದ "ಇವತ್ತಿನ ಮಳೆ" ಎಂದು ಬೆಳಿಗ್ಗೆ ಪ್ರಕಟವಾಗುವುದು ನಿನ್ನೆ ಬಿದ್ದದ್ದು.

ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಇಡೀ ಜಿಲ್ಲೆಗೆ ಕೊಡುವಂಥವು. ಉತ್ತರ ಕನ್ನಡಕ್ಕೆ ಇದು ಸಾಲದು, ಏಕೆಂದರೆ ಕಡಲಿನಿಂದ ಬರುವ ಮೋಡ ಘಟ್ಟದ ನೆತ್ತಿಯಲ್ಲಿ ಸುರಿದು ಖಾಲಿಯಾಗಿ ಮುಂಡಗೋಡ, ಹಳಿಯಾಳ ಕಡೆಗೆ ಬಡವಾಗಿ ಹೋಗುತ್ತದೆ. ಶಿರಸಿ ಪೇಟೆಯಲ್ಲಿ ಬಿಸಿಲಿದ್ದಾಗಲೇ ದೇವಿಮನೆ ಘಟ್ಟದಲ್ಲಿ ಎದುರಿನ ವಾಹನ ಕಾಣದಷ್ಟು ಹೊಯ್ಯುತ್ತಿರಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯತಿ ಮಟ್ಟದಲ್ಲಿವೆ. ನಿಮ್ಮ ದಾರಿಯ ಪಂಚಾಯತಿಯದ್ದನ್ನಷ್ಟೇ ನೋಡಿದರೆ ಪ್ರಯೋಜನವಿಲ್ಲ. ನೀವು ದಾಟಲಿರುವ ಹಳ್ಳ ಹುಟ್ಟುವ ಪಂಚಾಯತಿಯದ್ದನ್ನು ನೋಡಿ. ಉಂಚಳ್ಳಿಯ ಅಬ್ಬಿಗೆ (ಜಲಪಾತಕ್ಕೆ) ಬರುವ ಅಘನಾಶಿನಿಯ ಒಂದು ಮೂಲ ಶಿರಸಿಯ ಶಂಕರ ಹೊಂಡ. ಮೇಲೆ ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಸುರಿದದ್ದು ಸ್ವಲ್ಪ ಹೊತ್ತಿನ ಮೇಲೆ ಅಲ್ಲಿ ಕಾಣಿಸುತ್ತದೆ.

ಒಂದು ದಿನದ ಅಂಕಿಗಿಂತ ಮೂರು ದಿನದ ಮೊತ್ತ ಮುಖ್ಯ. ಹಳ್ಳದ ನೀರು ಇವತ್ತಿನ ಮಳೆಗೆ ಏರುತ್ತದೆ, ಗುಡ್ಡ ಮಾತ್ರ ಕುಡಿದದ್ದನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ. ಮೂರು ದಿನದ ಮೊತ್ತ 200 ಮಿ.ಮೀ. ದಾಟಿದ್ದರೆ, ನಾಲ್ಕನೇ ದಿನ ಬಿಸಿಲು ಬಿದ್ದರೂ ಕಡಿದ ಧರೆಯ ಕೆಳಗಿನ ದಾರಿ, ಇಳಿಜಾರಿನ ಅಡ್ಡದಾರಿ ಬೇಡವೆನ್ನುವುದು ನಮ್ಮ ಅಭಿಪ್ರಾಯ.

ಹಳ್ಳ ದಾಟಬಹುದೋ ಇಲ್ಲವೋ ಎಂದು ಸ್ಥಳದಲ್ಲೇ ನಿರ್ಧರಿಸುವುದು ಹೇಗೆ?

ಈ ಪ್ರಶ್ನೆಗೆ ಸಮಯ ಕೊಡಿ. ಘಟ್ಟದ ದಾರಿಯಲ್ಲಿ ಹುಲಿ, ಹಾವುಗಳಿಗಿಂತ ಹೆದರಬೇಕಾದದ್ದು ನೀರಿಗೆ.

ಮೊದಲು ವೇಗ ಅಳೆಯಿರಿ. ದಡದಲ್ಲಿ 10 ಮೀಟರ್ ಅಳೆದುಕೊಳ್ಳಿ, ದೊಡ್ಡ ಹೆಜ್ಜೆಯಲ್ಲಿ ಹನ್ನೆರಡು, ಹದಿಮೂರು ಆಗುತ್ತದೆ. ಮೇಲಿನ ತುದಿಯಲ್ಲಿ ನಡುನೀರಿಗೆ ಒಂದು ತುಂಡು ಕಟ್ಟಿಗೆ ಎಸೆದು, ಕೆಳಗಿನ ತುದಿ ಮುಟ್ಟಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಎಣಿಸಿ. 10ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ. ಇನ್ನು ಆಳ. ಐದು ಅಡಿಯ ಗಟ್ಟಿ ಕೋಲಿನಲ್ಲಿ ಅಳೆದು ಮೀಟರಿನಲ್ಲಿ ಲೆಕ್ಕ ಹಾಕಿ. ಆಳವನ್ನು ವೇಗದಿಂದ ಗುಣಿಸಿ. ಮಕ್ಕಳು, ವಯಸ್ಸಾದವರು ಇದ್ದರೆ ಉತ್ತರ 0.4ನ್ನು ಮೀರಬಾರದು, ಗಟ್ಟಿಮುಟ್ಟಾದ ದೊಡ್ಡವರಿಗೆ 0.6ನ್ನು ಮೀರಬಾರದು. ನೆರೆನೀರಿನಲ್ಲಿ ಮನುಷ್ಯ ನಿಲ್ಲಬಲ್ಲನೇ ಎಂದು ಲೆಕ್ಕ ಹಾಕಲು ಬಳಸುವ ಮಿತಿಗಳಿವು. ಉದಾಹರಣೆಗೆ ಮೊಣಕಾಲು ಮಟ್ಟದ, ಅಂದರೆ ಅರ್ಧ ಮೀಟರ್ ನೀರು, 10 ಮೀಟರ್ 8 ಸೆಕೆಂಡಿನಲ್ಲಿ ಹರಿದರೆ ವೇಗ 1.25, ಗುಣಲಬ್ಧ 0.62. ಮೊಣಕಾಲು ಮಟ್ಟ ಎಂದು ಕೇಳಲು ಸಲೀಸಾದ ಆ ಹಳ್ಳ ದೊಡ್ಡವರಿಗೂ ದಾಟುವಂಥದ್ದಲ್ಲ. ತಳದ ಬಂಡೆಗೆ ಹಾವಸೆ (ಪಾಚಿ) ಕಟ್ಟಿದ್ದರೆ ಈ ಮಿತಿಯನ್ನೂ ಅರ್ಧಕ್ಕೆ ಇಳಿಸಿಕೊಳ್ಳಿ.

ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಅಂಚಿನಲ್ಲಿ ಒಂದು ಕಡ್ಡಿ ಚುಚ್ಚಿ ಹದಿನೈದು ನಿಮಿಷ ಕೂರಿ. ಒಂದು ಬೆರಳಿನಷ್ಟು ಏರಿದರೂ ವಾಪಸು. ಈಗ ದಾಟಿದರೆ ಸಂಜೆ ಇದೇ ಹಳ್ಳ ತಿರುಗಿ ಬರುವಾಗ ಅಡ್ಡವಿರುತ್ತದೆ. ತಿಳಿಯಾಗಿದ್ದ ನೀರು ಹಠಾತ್ತನೆ ಕೆಂಪಾದರೆ, ದರಕು (ಒಣಗಿದ ಎಲೆ), ಕಡ್ಡಿ, ನೊರೆ ತೇಲಿಬಂದರೆ, ಬಂಡೆ ಉರುಳುವ ಗುಡುಗುಡು ಸದ್ದು ತಳದಿಂದ ಕೇಳಿದರೆ ಕಾಯುವುದೂ ಬೇಡ, ದಡದಿಂದ ಮೇಲಕ್ಕೆ ಹತ್ತಿ. ಇದಕ್ಕೆ ವಿರುದ್ಧವಾದ ಲಕ್ಷಣ ಇನ್ನೂ ಅಪಾಯದ್ದು. ಮಳೆ ಸುರಿಯುತ್ತಲೇ ಇರುವಾಗ ಹಳ್ಳದ ನೀರು ಒಮ್ಮೆಲೇ ಕಡಿಮೆಯಾದರೆ ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದು ಕಟ್ಟೆ ಕಟ್ಟಿದೆ ಎಂದರ್ಥ. ಆ ಕಟ್ಟೆ ಒಡೆಯುವ ಹೊತ್ತಿಗೆ ನೀವು ಹಳ್ಳದ ಪಾತ್ರದಲ್ಲಿರಬಾರದು.

ದಾಟುವುದೇ ಆದರೆ ಅಗಲವಾಗಿ ತೆಳ್ಳಗೆ ಹರಿಯುವ ಕಡೆ ದಾಟಿ. ಇಕ್ಕಟ್ಟಾದ ಜಾಗ ಹತ್ತಿರವೆನಿಸಿದರೂ ಅಲ್ಲಿ ಆಳವೂ ಸೆಳೆತವೂ ಹೆಚ್ಚು. ಅಬ್ಬಿಯ ನೆತ್ತಿಯಲ್ಲಿ ನೀರು ಪಾದ ಮುಚ್ಚುವಷ್ಟೇ ಇದ್ದರೂ ದಾಟಬೇಡಿ. ಬೂಟು ಕಳಚಬೇಡಿ. ಚೀಲದ ಸೊಂಟಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಬಿಟ್ಟು ಈಜಲು ಬರಬೇಕು. ಹಗ್ಗವನ್ನು ಮೈಗೆ ಕಟ್ಟಿಕೊಳ್ಳಬೇಡಿ, ಬಿದ್ದವನನ್ನು ಅದೇ ನೀರೊಳಗೆ ಹಿಡಿದಿಡುತ್ತದೆ.

ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕ ಕಂಡರೆ ಮೊದಲು ಎರಡೂ ತುದಿ ನೋಡಿ. ನಡುವೆ ಗಟ್ಟಿ ಕಂಡರೂ ಮಣ್ಣಿಗೆ ತಾಗಿದ ತುದಿ ಕೊಳೆತಿರುತ್ತದೆ. ಒಬ್ಬರ ನಂತರ ಒಬ್ಬರು ದಾಟಿ. ನೀರು ಸಂಕವನ್ನು ಮುಟ್ಟಿ ಹರಿಯುತ್ತಿದ್ದರೆ ಅದು ಈಗ ಸಂಕವಲ್ಲ.

ಮಳೆಯೇ ಇಲ್ಲದಿದ್ದರೂ ಹೊಳೆ ಏರುತ್ತದೆಯೇ?

ಕಾಳಿ, ಶರಾವತಿಯಲ್ಲಿ ಏರುತ್ತದೆ. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳಿವೆ. ಶರಾವತಿಗೆ ಲಿಂಗನಮಕ್ಕಿ ಮತ್ತು ಕೆಳಗೆ ಗೇರುಸೊಪ್ಪ. ವಿದ್ಯುತ್ ಘಟಕ ಚಾಲೂ ಆದಾಗ, ಗೇಟು ತೆರೆದಾಗ ಕೆಳಗಿನ ಹೊಳೆಯ ಮಟ್ಟ ಬಿರುಬೇಸಿಗೆಯಲ್ಲೂ ಬದಲಾಗುತ್ತದೆ. ಬೆಳಿಗ್ಗೆ ಬಂಡೆಯಿಂದ ಬಂಡೆಗೆ ಹಾರಿ ಹೋದ ಜಾಗ ಮಧ್ಯಾಹ್ನ ಮುಳುಗಿರುತ್ತದೆ. ಸೈರನ್ ಕೇಳಿದರೆ ಸಾಮಾನು ಬಿಟ್ಟು ದಡ ಹತ್ತಿ. ಮಳೆಗಾಲದಲ್ಲಿ ಕದ್ರಾ, ಗೇರುಸೊಪ್ಪದಿಂದ ನೀರು ಬಿಡುವ ಮುನ್ಸೂಚನೆಯನ್ನು ಜಿಲ್ಲಾಡಳಿತ ಪ್ರಕಟಿಸುತ್ತದೆ. ಹೊಳೆಬದಿಯ ದಾರಿ ಹಿಡಿಯುವವರು ಮಳೆಯ ಮುನ್ಸೂಚನೆಯಷ್ಟೇ ಕಾಳಜಿಯಿಂದ ಇದನ್ನೂ ನೋಡಬೇಕು.

ಅಘನಾಶಿನಿಗೆ ಅಣೆಕಟ್ಟಿಲ್ಲ, ಬೇಡ್ತಿ ಅಥವಾ ಗಂಗಾವಳಿಗೆ ದೊಡ್ಡ ಅಣೆಕಟ್ಟಿಲ್ಲ. ಅವು ಮಳೆಗೆ ತಕ್ಕಂತೆ ಏರಿ ಇಳಿಯುತ್ತವೆ, ಹಾಗಾಗಿ ಮಳೆಯ ಅಂಕಿ ನೋಡಿ ಊಹಿಸಲು ಬರುತ್ತದೆ.

ಗುಡ್ಡ ಕುಸಿಯುವ ಮುನ್ಸೂಚನೆ ಕಾಣುತ್ತದೆಯೇ?

ಹಲವು ಸಲ ಕಾಣುತ್ತದೆ. ಇಲ್ಲಿನ ಗುಡ್ಡಗಳ ಮೇಲ್ಪದರ ಚಿರೆಕಲ್ಲಿನದು, ತೂತುತೂತಾಗಿ ನೀರು ಕುಡಿಯುವಂಥದ್ದು. ಅದರಡಿಗೆ ಬಿಳಿ, ಹಳದಿ ಬಣ್ಣದ ಶೇಡಿ ಮಣ್ಣು. ಮೇಲಿನ ನೀರು ಶೇಡಿ ಮಣ್ಣಿಗೆ ಇಳಿದಾಗ ಅದು ಹಿಡಿತ ಬಿಡುತ್ತದೆ, ಮೇಲಿನ ಹೊರೆ ಮರ ಸಮೇತ ಜಾರುತ್ತದೆ. ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದರೆ ತಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆಗಳೆಲ್ಲ ಜಾರಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದ ಗುಡ್ಡ ಗಂಗಾವಳಿ ಹೊಳೆಗೂ ನುಗ್ಗಿ ಜೀವಗಳನ್ನು ತೆಗೆದುಕೊಂಡಿತು. ಹೆದ್ದಾರಿ ಬದಿಯಲ್ಲೇ ಹೀಗಾದಾಗ ಕಾಡೊಳಗಿನ ದಾರಿಯ ಎಚ್ಚರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ದಾರಿಯಲ್ಲಿ ನೋಡಬೇಕಾದದ್ದು: ಇಳಿಜಾರಿಗೆ ಅಡ್ಡವಾಗಿ, ಬಿಲ್ಲಿನಂತೆ ಬಾಗಿದ ಹೊಸ ಬಿರುಕು. ಒಂದೇ ದಿಕ್ಕಿಗೆ ವಾಲಿದ ಮರಗಳ ಸಾಲು, ಅದರಲ್ಲೂ ಬುಡದ ಮಣ್ಣು ಹಸಿಯಾಗಿ ಬಾಯಿಬಿಟ್ಟಿದ್ದರೆ. ಎಂದೂ ಒರತೆ ಇಲ್ಲದ ಕಡೆ ಕೆಸರು ನೀರು ಉಕ್ಕುವುದು. ಇದ್ದ ಒರತೆ ಕದಡುವುದು. ಬಿರುಕು ಕಂಡರೆ ಹಾರಿ ದಾಟಿ ಮುಂದೆ ಹೋಗಬೇಡಿ. ಬಂದ ದಾರಿಯಲ್ಲಿ ತಿರುಗಿ, ಪಂಚಾಯತಿಗೋ ಗಾರ್ಡಿಗೋ ಕೂಡಲೇ ತಿಳಿಸಿ, ಕೆಳಗೆ ಮನೆಗಳಿರಬಹುದು. ಹಳೆಯ ಕುಸಿತದ ಮೇಲೆ ಜನ ಓಡಾಡಿ ದಾರಿ ಮಾಡಿದ್ದರೂ ಮಳೆ ಸುರಿಯುವಾಗ ಅದರ ಮೇಲೆ ಕಾಲಿಡಬೇಡಿ, ಸಡಿಲ ಮಣ್ಣು ಎರಡು, ಮೂರು ಮಳೆಗಾಲದವರೆಗೆ ಜಾರುತ್ತಲೇ ಇರುತ್ತದೆ.

ಅರಬೈಲ್, ದೇವಿಮನೆ, ಅಣಶಿ ಘಟ್ಟಗಳಲ್ಲಿ ವಾಹನ ಸಂಚಾರ ನಿಂತಿದ್ದರೆ ಅದರ ಸುತ್ತಲಿನ ಕಾಲುದಾರಿಗಳೂ ನಿಮ್ಮ ಪಾಲಿಗೆ ಮುಚ್ಚಿವೆ ಎಂದೇ ತಿಳಿಯಿರಿ.

ಮೊಬೈಲಿನ ನಕ್ಷೆಯಲ್ಲಿ ದಾರಿ ಸ್ಪಷ್ಟ ಇದೆಯಲ್ಲ?

ನಕ್ಷೆಯಲ್ಲಿ ಗೆರೆ ಇದೆ ಅಷ್ಟೇ. ಯಾರೋ ಜನವರಿಯಲ್ಲಿ ನಡೆದು ಉಳಿಸಿದ ಜಾಡು ಅದು. ಜುಲೈನಲ್ಲಿ ಅದೇ ಗೆರೆ ಗದ್ದೆಯ ನಾಟಿಯ ಮೇಲೆ ಹೋಗುತ್ತದೆ, ಅಕ್ಟೋಬರ್‌ನಲ್ಲಿ ಆಳೆತ್ತರದ ಯುಪಟೋರಿಯಂ ಗಿಡದೊಳಗೆ. ಜಾಡು ಇಳಿಸಿಕೊಳ್ಳುವಾಗ ಅದನ್ನು ದಾಖಲಿಸಿದ ತಿಂಗಳು ನೋಡಿ. ದಟ್ಟ ಕಾನಿನಲ್ಲಿ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ. ಕವಲಿನಲ್ಲಿ ತಪ್ಪು ದಾರಿ ಹಿಡಿಯಲು ಅಷ್ಟು ಸಾಕು. ಉಪಗ್ರಹ ಚಿತ್ರಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಿಂದ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಕ್ಟೋಬರ್ ನಂತರದ ಚಿತ್ರದಲ್ಲಿ ಹಸಿರಿನ ನಡುವೆ ಕೆಂಪು ಗೀರು ಕಂಡರೆ ಅದು ಆ ವರ್ಷದ ಕುಸಿತ, ಆ ದಾರಿ ವಿಚಾರಿಸದೆ ಹೋಗಬೇಡಿ.

ನಕ್ಷೆಯನ್ನು ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಮೊದಲೇ ಇಳಿಸಿಡಿ. ಜೋಯಿಡಾ, ಸಿದ್ದಾಪುರದ ಒಳಭಾಗದಲ್ಲಿ ಸಿಗ್ನಲ್ ಇರುವ ಜಾಗವೇ ಕಡಿಮೆ. ಮಳೆಗಾಳಿಗೆ ಕರೆಂಟ್ ಹೋದರೆ ಟವರ್ ಬ್ಯಾಟರಿ ಮುಗಿಯುವವರೆಗೆ ಮಾತ್ರ ಅದೂ ಇರುತ್ತದೆ.

ಕುದುರೆ ಒಯ್ಯಬಹುದೇ?

ಘಟ್ಟ ಇಳಿಯುವ ಹೆಚ್ಚಿನ ಕಾಲುದಾರಿಗಳಿಗೆ ಬೇಡ. ಹಿಂದೆ ಈ ದಾರಿಗಳಲ್ಲಿ ಮೆಣಸು, ಅಡಿಕೆ ಇಳಿಸಿ ಉಪ್ಪು ಏರಿಸಿದ್ದು ಹೇರೆತ್ತುಗಳು. ಎತ್ತಿನ ಸೀಳುಗೊರಸು ಹಿಡಿಯುವ ಕಡೆ ಲಾಳ ಹೊಡೆದ ಕುದುರೆಯ ಗೊರಸು ಜಾರುತ್ತದೆ. ಒದ್ದೆ ಚಿರೆಕಲ್ಲು, ಹಾವಸೆ ಹಿಡಿದ ಹಾಸುಗಲ್ಲುಗಳ ಮೇಲೆ ಇದು ಇನ್ನೂ ಹೆಚ್ಚು. ಕುದುರೆ ಸವಾರಿಗೆ ಒಗ್ಗುವುದು ಮುಂಡಗೋಡ, ಹಳಿಯಾಳ, ಬನವಾಸಿ ಕಡೆಯ ಬಯಲು ಸೀಮೆಯ ಕಾಡಂಚು, ಇಲಾಖೆ ಒಪ್ಪಿದರೆ ಮರ ಸಾಗಿಸಲು ಮಾಡಿದ ಹಳೆಯ ಕೂಪು ರಸ್ತೆಗಳು, ಅದೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಮುಂಡಗೋಡ, ಹಳಿಯಾಳ ಭಾಗಕ್ಕೆ ಭತ್ತ ಕೊಯ್ಲಿನ ಕಾಲದಲ್ಲಿ ಆನೆ ಬರುತ್ತದೆ. ಆ ವಾರ ಆನೆ ಯಾವ ಊರಿನ ಬಳಿ ಇದೆ ಎಂದು ಕೇಳಿಯೇ ಜೀನು ಬಿಗಿಯಿರಿ.

ಸವಾರಿಗೆ ಹಿಂದಿನ ದಿನ ದಾರಿಯನ್ನು ಕಾಲ್ನಡಿಗೆಯಲ್ಲಿ ಪೂರ್ತಿ ನೋಡಿಬರುವುದು ಕಡ್ಡಾಯ ಎಂದೇ ಹೇಳುತ್ತೇವೆ. ನಡೆಯುವವರಿಗೆ ಕಾಣದ್ದು ಸವಾರನಿಗೆ ತಾಗುತ್ತದೆ. ತಲೆಯ ಮೇಲೆ 10 ಅಡಿ ತೆರವಿರಬೇಕು. ಕಾನಿನಲ್ಲಿ ಮೇಲಿನಿಂದ ಇಳಿಬಿದ್ದಿರುವ ಬೆತ್ತದ ಬಳ್ಳಿಗೆ ಹಿಮ್ಮುಖ ಮುಳ್ಳುಗಳಿವೆ, ಮುಖಕ್ಕೆ ಸಿಕ್ಕಿದರೆ ಸೀಳಿಬಿಡುತ್ತದೆ, ಕುದುರೆಯ ಕಿವಿಗೆ ಸಿಕ್ಕಿದರೆ ಅದು ಹಿಮ್ಮೆಟ್ಟುವ ಜಾಗವೂ ಇರುವುದಿಲ್ಲ. ಇಳಿಜಾರಿನ ಅಡ್ಡದಾರಿಯಲ್ಲಿ ಕುದುರೆಯನ್ನು ತಿರುಗಿಸಲು ಹತ್ತು, ಹನ್ನೆರಡು ಅಡಿ ಸಮತಟ್ಟು ಬೇಕು. ಅಂಥ ಜಾಗಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಕೆಸರು ಕಂಡಲ್ಲಿ ಒಂದೇ ಕೈಯಲ್ಲಿ ಕೋಲು ಒತ್ತಿ ನೋಡಿ. ಒಂದು ಅಡಿಗಿಂತ ಆಳ ಇಳಿದರೆ ಕುದುರೆ ಹೂತುಕೊಳ್ಳುತ್ತದೆ, ಲಾಳ ಕಿತ್ತುಬರುತ್ತದೆ, ಗಾಬರಿಯಲ್ಲಿ ಒದ್ದಾಡಿ ಸ್ನಾಯು ಹರಿದುಕೊಳ್ಳುತ್ತದೆ.

ದಬ್ಬೆಯ ಸಂಕ, ಮರದ ಕಾಲುಸಂಕ ಯಾವುದೂ ಕುದುರೆಗಲ್ಲ. ಪ್ರಾಣಿಯೇ 300 ಕಿಲೋ ದಾಟುತ್ತದೆ, ಮೇಲೆ ಸವಾರ ಮತ್ತು ಜೀನು. ಹಳ್ಳವನ್ನು ನೀರಲ್ಲೇ ದಾಟಿಸಬೇಕು, ತಳ ಜಲ್ಲಿಯದಾಗಿದ್ದು ನೀರು ಕುದುರೆಯ ಮೊಣಕಾಲಿಗಿಂತ ಕೆಳಗಿರಬೇಕು.

ನೀರಿನ ಲೆಕ್ಕ ಬಹಳ ಜನ ತಪ್ಪುತ್ತಾರೆ. ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ಬೇಕು, ಸೆಕೆಯಲ್ಲಿ ದುಡಿದರೆ ಇನ್ನೂ ಹೆಚ್ಚು. ಮಾರ್ಚ್ ಹೊತ್ತಿಗೆ ಸಣ್ಣ ಹಳ್ಳಗಳು ಒಣಗಿರುತ್ತವೆ, ಯಾವ ಗುಂಡಿಯಲ್ಲಿ ನೀರಿದೆ ಎಂದು ದನ ಕಾಯುವವರನ್ನು ಕೇಳಿ. ನಿಂತ ನೀರು ಕುಡಿಸಿದರೆ ಜಿಗಣೆ ಮೂಗಿನ ಹೊಳ್ಳೆಗೆ ಸೇರುತ್ತದೆ, ಕುಡಿದ ಮೇಲೆ ಹೊಳ್ಳೆ, ಬಾಯಿ ನೋಡಿ. ದಾರಿಬದಿಯ ಲಂಟಾನ ವಿಷ, ಬಾಯಿ ಹಾಕಲು ಬಿಡಬೇಡಿ. ತೋಟದ ಸುತ್ತ ಎಳೆದಿರುವ ಐಬೆಕ್ಸ್ (ವಿದ್ಯುತ್) ಬೇಲಿಯ ತೆಳ್ಳನೆಯ ತಂತಿ ಕುದುರೆಗೆ ಕಾಣುವುದಿಲ್ಲ.

ಅಭಯಾರಣ್ಯದೊಳಗೆ ಲಸಿಕೆ ಹಾಕಿಸದ ಜಾನುವಾರು ಒಯ್ಯುವುದನ್ನು ಕಾಯ್ದೆಯ 33ಎ ಕಲಂ ನಿಷೇಧಿಸುತ್ತದೆ. ಕುದುರೆಯ ಲಸಿಕೆಯ ದಾಖಲೆ ಜೊತೆಗಿರಲಿ, ಪ್ರವೇಶದ ಅನುಮತಿ ಬೇರೆಯಾಗಿಯೇ ಕೇಳಿ.

ಗೋಕರ್ಣದಿಂದ ಕುಮಟಾವರೆಗಿನ ಕಡಲಂಚಿನ ದಾರಿಗೆ ಏನು ನೋಡಬೇಕು?

ಉಬ್ಬರ, ಇಳಿತದ ವೇಳೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಕಾರವಾರದ ಕಡೆ ನೀರು 2 ಮೀಟರಿನಷ್ಟು ಏರಿಳಿಯುತ್ತದೆ. ಕಾರವಾರ ಬಂದರಿನ ಉಬ್ಬರದ ಪಟ್ಟಿ ನೋಡಿ, ಬಂಡೆಯ ಬುಡದಲ್ಲಿ ಸುತ್ತಿ ಹೋಗುವ ಜಾಗಗಳನ್ನು ಇಳಿತಕ್ಕೆ ಎರಡು ಗಂಟೆ ಮೊದಲು ಶುರು ಮಾಡಿ ಇಳಿತದ ಹೊತ್ತಿಗೆ ಮುಗಿಸುವಂತೆ ಲೆಕ್ಕ ಹಾಕಿ. ದೂರದ ಬಿರುಗಾಳಿಯಿಂದ ಏಳುವ ಎತ್ತರದ ಅಲೆಗಳ ಎಚ್ಚರಿಕೆಯನ್ನು ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕೊಡುತ್ತದೆ, ಆಕಾಶ ತಿಳಿಯಾಗಿದ್ದರೂ ಅದನ್ನು ನೋಡಿ.

ಓಂ ತೀರದಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆಗಿನ ಏರುದಾರಿಯಲ್ಲಿ ಅಂಚಿಗೆ ಹೋಗಬೇಡಿ, ಕೆಳಗೆ ಅಲೆ ಕೊರೆದು ಮೇಲಿನ ಕಲ್ಲು ಆಧಾರವಿಲ್ಲದೆ ನಿಂತಿರುತ್ತದೆ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲೇ ದಾಟಬೇಕು, ಕಡೆಯ ದೋಣಿ ಎಷ್ಟು ಹೊತ್ತಿಗೆ ಎಂದು ಅವತ್ತೇ ಕೇಳಿಕೊಳ್ಳಿ. ಅಳಿವೆಯನ್ನು ಇಳಿತದಲ್ಲೂ ನಡೆದು, ಈಜಿ ದಾಟಲು ನೋಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡ.

ಉಂಬಳ, ಉಣುಗಿನ ಬಗ್ಗೆ?

ಉಂಬಳ, ಅಂದರೆ ನೆಲದ ಜಿಗಣೆ, ಕಿರಿಕಿರಿ ಅಷ್ಟೇ. ಸುಣ್ಣ, ತಂಬಾಕು, ಉಪ್ಪು ಯಾವುದಕ್ಕಾದರೂ ಬಿಡುತ್ತದೆ. ರಕ್ತ ಬೇಗ ನಿಲ್ಲುವುದಿಲ್ಲ, ಹತ್ತು ನಿಮಿಷ ಒತ್ತಿ ಹಿಡಿಯಿರಿ.

ಉಣುಗು (ಉಣ್ಣಿ) ಬೇರೆಯೇ ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಅದರಿಂದಲೇ ಹರಡುತ್ತದೆ, ಸಿದ್ದಾಪುರ ತಾಲೂಕು ಅದರ ಪೆಟ್ಟು ತಿಂದಿದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಚಾರಣಕ್ಕೆ ದಾರಿ ಚೆನ್ನಾಗಿರುವ ತಿಂಗಳುಗಳಲ್ಲೇ ಇದರ ಕಾಟ. ಹೋಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ "ಈ ಸಲ ಮಂಗ ಸತ್ತಿದೆಯಾ, ಜ್ವರ ಇದೆಯಾ?" ಎಂದು ಕೇಳಿ. ಇದೆ ಎಂದರೆ ದಾರಿ ಎಷ್ಟೇ ಚೊಲೋ ಇದ್ದರೂ ಹೋಗಬೇಡಿ. ಉಳಿದ ಕಡೆ ಉದ್ದ ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ. ದರಕಿನ ಮೇಲೆ ಕೂರಬೇಡಿ, ಮಲಗಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈಯಿಡೀ ನೋಡಿಕೊಳ್ಳಿ. ಕಚ್ಚಿ 3ರಿಂದ 8 ದಿನದಲ್ಲಿ ಹಠಾತ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಯಾವ ಕಾಡಿಗೆ ಹೋಗಿದ್ದಿರಿ ಎಂದು ಮೊದಲು ಹೇಳಿ.

ಹೆಜ್ಜೇನು?

ಯಾಣದಂಥ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಬೀಡಿ, ಸಿಗರೇಟು, ಕರ್ಪೂರದ ಹೊಗೆ, ಘಾಟು ಅತ್ತರು, ಕೂಗಾಟ, ಡ್ರೋನ್ ಎಲ್ಲವೂ ಅವನ್ನು ಕೆಣಕುತ್ತವೆ. ಆ ವಾರ ಯಾರಿಗಾದರೂ ಕಚ್ಚಿದೆಯೇ ಎಂದು ಗೇಟಿನಲ್ಲಿ ಕೇಳಿ. ಎದ್ದರೆ ಮುಖ ಮುಚ್ಚಿಕೊಂಡು ಓಡಿ, ನೀರಿಗೆ ಹಾರಬೇಡಿ, ಮೇಲೆ ಬರುವವರೆಗೂ ಕಾಯುತ್ತವೆ.

ಎಷ್ಟು ಹೊತ್ತಿಗೆ ತಿರುಗಬೇಕು?

ಪುಸ್ತಕದ ಲೆಕ್ಕದಲ್ಲಿ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಸೇರಿಸಬೇಕು. 8 ಕಿ.ಮೀ. ದೂರ, 500 ಮೀಟರ್ ಏರು ಇದ್ದರೆ ಎರಡೂವರೆ ಗಂಟೆ. ಘಟ್ಟದ ಒದ್ದೆ ದಾರಿಯಲ್ಲಿ ಅದೇ ದೂರಕ್ಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು 6:10ರ ಸುಮಾರಿಗೆ, ಕಾನಿನೊಳಗೆ 5:30ಕ್ಕೇ ಕತ್ತಲು. ಇದ್ದ ಬೆಳಕಿನ ಅರ್ಧ ಮುಗಿಯುವ ಮೊದಲೇ ತಿರುಗುವ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಂಡು, ಎಷ್ಟು ಹತ್ತಿರ ಬಂದಿದ್ದರೂ ಆ ಹೊತ್ತಿಗೆ ತಿರುಗಿ.

ಏನಾದರೂ ಆದರೆ ಯಾರಿಗೆ ಕರೆ ಮಾಡಬೇಕು?

ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಅರಣ್ಯ ಇಲಾಖೆಯ ಸಹಾಯವಾಣಿ 1926. ಇವಕ್ಕಿಂತ ಮೊದಲು ಬೇಕಾದದ್ದು ದಾರಿಯ ಬುಡದ ಮನೆಯವರಿಗೆ ಹೋಗುವಾಗಲೇ ಹೇಳಿಟ್ಟುಹೋದ ಮಾತು: ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು. ಬಂದಮೇಲೆ ಬಂದೆವು ಎಂದು ಮರೆಯದೆ ತಿಳಿಸಿ, ಇಲ್ಲದಿದ್ದರೆ ಅವರು ಬ್ಯಾಟರಿ ಹಿಡಿದು ರಾತ್ರಿ ಮಳೆಯಲ್ಲಿ ಹುಡುಕಲು ಹೊರಡುತ್ತಾರೆ.

ನಾವು ಕಂಡ ಸ್ಥಿತಿಯನ್ನು ಮುಂದಿನವರಿಗೆ ಹೇಗೆ ತಿಳಿಸಬೇಕು?

ದಿನಾಂಕ ಮತ್ತು ಗಂಟೆಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಹಳ್ಳದ ಹೆಸರು ಊರಿನವರು ಕರೆಯುವಂತೆಯೇ ಇರಲಿ, ಜೊತೆಗೆ ನಕ್ಷೆಯ ಬಿಂದು. ನೀರಿನ ಮಟ್ಟಕ್ಕೆ ಮೈ ಅಳತೆ, ಪಕ್ಕದಲ್ಲಿ ಕೋಲು ನಿಲ್ಲಿಸಿ ತೆಗೆದ ಫೋಟೋ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆ ಬರೆಯಿರಿ. ನೀವು ತಿರುಗಿ ಬಂದಿದ್ದರೆ ಎಲ್ಲಿಂದ, ಏಕೆ ಎಂದು ತಪ್ಪದೆ ಬರೆಯಿರಿ, ಮುಂದಿನವರಿಗೆ ಬಹಳ ಉಪಕಾರವಾಗುವುದು ಇದೇ. ಗೂಡು, ಗವಿ, ಅಪರೂಪದ ಪ್ರಾಣಿ ಕಂಡ ಜಾಗದ ಬಿಂದುವನ್ನು ಎಲ್ಲರಿಗೂ ಹಂಚಬೇಡಿ, ಗಾರ್ಡಿಗೆ ಹೇಳಿದರೆ ಸಾಕು. ದಾರಿ ತೆರೆದ ಮೇಲೆ, ಸಂಕ ಹೊಸದಾಗಿ ಹಾಕಿದ ಮೇಲೆ ಹಳೆಯ ಸೂಚನೆಯನ್ನು ತೆಗೆದುಹಾಕಿ.